ಗೆರೆಗಿಂತ ಒಂದು ಗೇಣು ಮೇಲೆ

ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವನು ಲೈಟ್ ಮಾವ. ಕಾರಿನ ಹೆಡ್‌ಲೈಟ್ ಕೈಕೊಟ್ಟರೆ ಕಾಲುವೆ ರಸ್ತೆಯ ಪಕ್ಕದ ಅವನ ತಗಡಿನ ಶೆಡ್ಡಿಗೇ ಬರಬೇಕು, ಬಂದು ಬೈಸಿಕೊಳ್ಳಲೂ ಬೇಕು. ಮೂಗಿನ ತುದಿಯಲ್ಲೇ ಕೋಪ ಮಹರಾಯನಿಗೆ.

"ಲೈಟು ಮಂಕಾದ ತಕ್ಷಣ ಬಲ್ಬು ತರೋಕೆ ಯಾಕಯ್ಯಾ ಓಡ್ತೀಯ? ಮೊದಲು ಅರ್ತ್ ವೈರು ನೋಡು, ತುಕ್ಕು ಹಿಡಿದಿರುತ್ತೆ. ಗಾಜು ಒರೆಸು. ಎದುರು ಗಾಡಿ ಬಂದ್ರೆ ಡಿಪ್ ಮಾಡಿ ಬೆಳಕು ತಗ್ಗಿಸು. ಇಷ್ಟು ಮಾಡೋಕೆ ಏನು ರೋಗ ನಿಂಗೆ?"

ಶೆಡ್ಡಿನ ಗೋಡೆಯ ಮೇಲೆ ತೊಡೆಯೆತ್ತರಕ್ಕೆ ಒಂದು ಕಪ್ಪು ಗೆರೆ. ಅವನಿಗೆ ಕೆಲಸ ಕಲಿಸಿದ ಗುರು ಎಳೆದದ್ದು. ಗಾಡಿಯನ್ನು ಗೋಡೆಗೆ ಎದುರು ನಿಲ್ಲಿಸಿ ಡಿಪ್ ಹಾಕಿದರೆ ಬೆಳಕು ಆ ಗೆರೆಯನ್ನು ಮುಟ್ಟಬೇಕು, ದಾಟಬಾರದು. ದಾಟಿದರೆ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಇತ್ತೀಚೆಗೆ ಯಾವ ಗಾಡಿಯ ಬೆಳಕೂ ಗೆರೆಯವರೆಗೆ ಏರುತ್ತಲೇ ಇರಲಿಲ್ಲ. ಈಗಿನ ಬಲ್ಬುಗಳೆಲ್ಲ ದಂಡ ಎಂದು ಬೈಯುತ್ತ ಮಾವ ಲೈಟನ್ನು ಮೇಲೆತ್ತುವ ಸ್ಕ್ರೂವನ್ನು ಇನ್ನೊಂದು ಸುತ್ತು, ಮತ್ತೊಂದು ಸುತ್ತು ತಿರುಗಿಸುತ್ತಿದ್ದ. ಜನಕ್ಕೆ ಖುಷಿಯೋ ಖುಷಿ. ಆವತ್ತು ಬೆಳಗ್ಗೆ ಬಂದ ಬ್ರೆಡ್ ವ್ಯಾನಿನವನಂತೂ, "ನೀವು ಮುಟ್ಟಿದ್ರೆ ಬೆಳಕು ಎಷ್ಟೋ ದೂರ ಹೋಗುತ್ತೆ ಮಾವ" ಎಂದು ಹೊಗಳಿಯೇ ಹೋದ.

ಮಾವನಿಗೆ ಇದ್ದದ್ದು ಒಂದೇ ಭಯ. ಮಗಳು ಕಾಲುವೆ ರಸ್ತೆಯ ಆ ತುದಿಯ ಆಸ್ಪತ್ರೆಯಲ್ಲಿ ನರ್ಸು, ತುರ್ತು ವಾರ್ಡಿನಲ್ಲಿ ರಾತ್ರಿ ಪಾಳಿ. ರಸ್ತೆಗೆ ತಡೆಗೋಡೆ ಎಂಬುದಿಲ್ಲ, ಒಂದು ಚಕ್ರ ತಪ್ಪಿದರೆ ನೀರು.

"ಈ ವಾರನೂ ಇಬ್ಬರು ಬಿದ್ರು ಅಪ್ಪಾ," ಎಂದಿದ್ದಳು ಊಟಕ್ಕೆ ಕೂತಾಗ. "ಬಂದವರೆಲ್ಲ ಹೇಳೋದು ಒಂದೇ ಮಾತು. ಎದುರಿನ ಲೈಟು ಕಣ್ಣಿಗೆ ಹೊಡೀತು, ರಸ್ತೆನೇ ಕಾಣ್ಲಿಲ್ಲ ಅಂತ."

"ಡಿಪ್ ಮಾಡಲ್ವಲ್ಲ ಕತ್ತೆಗಳು. ಲೈಸೆನ್ಸ್ ಕಿತ್ಕೋಬೇಕು ಅಂಥವರದ್ದು," ಎಂದು ಮಾವ ತಟ್ಟೆ ಸರಿಸಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಹಾಗೆನ್ನಲು ಆಗ ಯಾರಿಗೆ ಏನು ಗೊತ್ತಿತ್ತು?

ಆವತ್ತು ಸಂಜೆ ಕೆಲಸಕ್ಕೆ ಹೊರಟ ಮಗಳು ತನ್ನ ಕಾರನ್ನು ಶೆಡ್ಡಿಗೆ ತಂದಳು. ಒಂದು ಲೈಟು ಮಿಣುಕುತ್ತಿತ್ತು. ಮಾವ ಅರ್ತ್ ವೈರಿನ ತುಕ್ಕನ್ನು ಮರಳು ಕಾಗದದಲ್ಲಿ ಉಜ್ಜಿ ಬಿಗಿದ. ಲೈಟು ಸರಿಹೋಯಿತು. ಡಿಪ್ ಹಾಕಿ ಗೋಡೆ ನೋಡಿದ, ಎಂದಿನಂತೆ ಸ್ಕ್ರೂ ತಿರುಗಿಸತೊಡಗಿದ. ಮಗಳ ಕೈಯಿಂದ ಬೀಗದ ಕೈ ಜಾರಿ ಗೋಡೆಯ ಬುಡಕ್ಕೆ ಉರುಳಿತು. ಅದನ್ನು ಎತ್ತಿಕೊಳ್ಳಲು ಕುಕ್ಕರಗಾಲಲ್ಲಿ ಕೂತು ಈಚೆ ತಿರುಗಿದವಳು ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಅಪ್ಪಾ, ಸಾಕು. ಮೇಲೆ ಬಂತು."

"ಗೆರೆನೇ ಮುಟ್ಟಿಲ್ಲ ಇನ್ನೂ."

"ಮುಟ್ಟಿಲ್ವಾ?" ಅವಳು ಗೋಡೆಗೆ ಕೈಯಿಟ್ಟು ಅಳೆದಳು. "ಗೆರೆಯಿಂದ ಒಂದು ಗೇಣು ಮೇಲಿದೆಯಲ್ಲ."

"ನಂಗೇ ಕಲಿಸ್ತೀಯೇನೇ?" ಎಂದು ಗೊಣಗುತ್ತ ಮಾವ ಎದ್ದು ಗೋಡೆಯ ಬಳಿ ಹೋದ. ಗೆರೆಯ ಮೇಲೆ ಅವನಿಗೆ ಕಂಡದ್ದು ಬರೀ ಕತ್ತಲು. ಆ ಕತ್ತಲೆಗೇ ಬೆನ್ನು ಕೊಟ್ಟು, ಮಗಳು ಕೂತಿದ್ದ ಜಾಗದಲ್ಲೇ ತಾನೂ ಕೂತು, ಕಾರಿನತ್ತ ಮುಖ ತಿರುಗಿಸಿದ. ಗೋಡೆಯ ಮೇಲೆ ಕಾಣದಿದ್ದ ಬೆಳಕು ನೇರ ಕಣ್ಣಿಗೆ ಬಡಿಯಿತು.

ಅವನು ಅಲ್ಲಿಂದ ಏಳಲಿಲ್ಲ. ಮಗಳು ಫೋನಿನ ಟಾರ್ಚು ಹಿಡಿದು ಅವನ ರೆಪ್ಪೆ ಎತ್ತಿ ನೋಡಿದಳು. ಎರಡೂ ಕಣ್ಣಲ್ಲಿ ಗಂಜಿ ತಿಳಿಯಂಥ ಪೊರೆ.

"ಎಷ್ಟು ದಿನದಿಂದ ಹೀಗಿದೆ ಅಪ್ಪಾ?"

"ಬಲ್ಬು ಸರಿಯಿಲ್ಲ ಅಂದ್ಕೊಂಡಿದ್ದೆ," ಎಂದ. ಒಂದು ವರ್ಷದಿಂದ ತಾನು ಮುಟ್ಟಿದ ಗಾಡಿಗಳೆಲ್ಲ ಕಣ್ಣ ಮುಂದೆ ಬಂದವು. ಊರಿನ ಅರ್ಧದಷ್ಟು ಗಾಡಿಗಳು.

ಅವನು ಗೋಡೆಯ ಬಳಿಯೇ ಕೂತ, ಮಗಳು ಸ್ಕ್ರೂ ತಿರುಗಿಸಿದಳು. ಕಣ್ಣಿಗೆ ಹೊಡೆಯುವುದು ನಿಂತಾಗ ಅವನು ಕೈಯೆತ್ತಿದ.

"ಇವತ್ತು ಹೋಗ್ಬೇಡ ಕಣಮ್ಮಾ."

"ವಾರ್ಡಲ್ಲಿ ಯಾರೂ ಇಲ್ಲಪ್ಪಾ. ನನ್ನ ಲೈಟು ಸರಿಯಾಯ್ತಲ್ಲ."

"ನಿನ್ನ ಲೈಟಿನ ಮಾತಲ್ಲ ಅದು."

ಅವಳು ಹೊರಟಳು. ಮಾವ ರಸ್ತೆಗೆ ಬಂದು ನಿಂತ. ಅವಳ ಕಾರಿನ ಹಿಂದಿನ ಕೆಂಪು ದೀಪ ಸಣ್ಣದಾಗುತ್ತ ಹೋಗಿ, ತಿರುವಿನಿಂದ ಬಂದ ಬಿಳಿ ಬೆಳಕಿನಲ್ಲಿ ಕಾಣದಾಯಿತು. ಮತ್ತೆ ಕಾಣಿಸಲೇ ಇಲ್ಲ. ಅವಳು ತಿರುವು ದಾಟಿದಳೋ, ತನ್ನ ಕಣ್ಣಿಗೇ ಕಾಣಲಿಲ್ಲವೋ, ಅಥವಾ... ಫೋನನ್ನು ಕೈಯಲ್ಲೇ ಹಿಡಿದು ನಿಂತ.

ಕೊನೆಗೂ ಅದು ಬಡಿದುಕೊಂಡಿತು. "ಸೇರ್ಕೊಂಡೆ ಅಪ್ಪಾ."

ಮಾವ ರಸ್ತೆಯ ಪಕ್ಕದಲ್ಲೇ ಕುಸಿದು ಕೂತ, ಅತ್ತೇಬಿಟ್ಟ. ಮಗಳು ಫೋನು ಇಡಲಿಲ್ಲ. ಅವಳ ಹಿಂದೆ ಸ್ಟ್ರೆಚರಿನ ಚಕ್ರದ ಸದ್ದು, ಯಾವನೋ ಒಬ್ಬ ನರಳುತ್ತ ಹೇಳುತ್ತಿದ್ದ ಮಾತು. "ಬ್ರೆಡ್ ವ್ಯಾನು ಸಿಸ್ಟರ್. ಡಿಪ್ ಮಾಡ್ದ ಅವನು, ಪಾಪ. ಆದ್ರೂ ಕಣ್ಣಿಗೆ ಹೊಡೀತು. ನನ್ನ ಬೈಕು ನೀರಿಗೆ ಹೋಯ್ತು."

"ಬದುಕ್ತಾನಾ?" ಎಂದ ಮಾವ.

"ಅವನು ಬದುಕ್ತಾನೆ," ಎಂದಳು ಮಗಳು ತುಂಬ ಮೆಲ್ಲಗೆ. "ಹಿಂದೆ ಕೂತಿದ್ದ ಹೆಂಡತಿ ಇನ್ನೂ ಸಿಕ್ಕಿಲ್ಲ ಅಪ್ಪಾ."

ರಸ್ತೆಯಲ್ಲಿ ಗಾಡಿಗಳು ಬರುತ್ತಲೇ ಇದ್ದವು. ಎಲ್ಲವೂ ಡಿಪ್ ಮಾಡಿಕೊಂಡೇ ಬರುತ್ತಿದ್ದವು.