ಪಾದ್ರಿಯ ‘ನಥಿಂಗ್’, ಕುಂಬಾರರ ಮಣ್ಣು

ಯುದ್ಧದ ಕಾಲದಲ್ಲಿ ದಂಡಿನ ಸೋಲ್ಜರುಗಳ ಜೊತೆ ಮಾತಾಡಿ ಮಾತಾಡಿ ನನ್ನ ಇಂಗ್ಲಿಷು ಎಷ್ಟು ಬಲಿತಿತ್ತೆಂದರೆ, ಎಷ್ಟೋ ದೊರೆಗಳಿಗೇ ಅದು ಅರ್ಥವಾಗುತ್ತಿರಲಿಲ್ಲ. ಅದನ್ನು ಮೆಚ್ಚಿ ಒಬ್ಬ ಬಿಳಿ ಪಾದ್ರಿ, ತಾನು ಹೇಳಿದ್ದನ್ನು ಕನ್ನಡದಲ್ಲಿ ಹೇಳೋಕೆ ನನ್ನನ್ನು ಹಲಸೂರಿನ ಕುಂಬಾರರ ಬೀದಿಗೆ ಕರಕೊಂಡು ಹೋದ. ಕುಂಬಾರರು ತಲೆದೂಗಿದರೆ ನನ್ನ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ.

ದೇವರು ಭೂಮಿ ಆಕಾಶ ಎರಡನ್ನೂ ‘ನಥಿಂಗ್’ನಿಂದ ಮಾಡಿದ, ಬೈಬಲ್ಲಿನ ಮೂಲ ಹೀಬ್ರೂ ಮಾತಿಗೆ ಅದೇ ಅರ್ಥ ಅಂದ ಪಾದ್ರಿ.

“ಏನೂ ಇಲ್ದೆ ಮಾಡಿದ್ನಂತೆ” ಅಂದೆ ನಾನು.

ತಿಗರಿ ತಿರುಗಿಸುತ್ತಿದ್ದ ಮುದುಕ ಕೈ ನಿಲ್ಲಿಸಿದ. “ಮಣ್ಣಿಲ್ದೆ ಹೆಂಗಪ್ಪಾ ಮಾಡೋದು? ಕೇಳ್ನೋಡು ನಿಮ್ಮ ದೊರೇನ.”

ಕೇಳಿದರೆ ಸಂಜೆವರೆಗೂ ಹೀಬ್ರೂನೇ. “ಮಣ್ಣು ಮೊದ್ಲೇ ಇತ್ತು ತಾತ, ನಮ್ಮ ಹಲಸೂರು ಕೆರೇದೇ” ಅಂದುಬಿಟ್ಟೆ.

“ಹಂಗನ್ನು ಮತ್ತೆ” ಅಂದ ಮುದುಕ. ಬೀದಿಗೆ ಬೀದಿಯೇ ತಲೆದೂಗಿತು.

ಪಾದ್ರಿ ನನ್ನ ತೋಳು ಹಿಡಿದುಕೊಂಡ. “ಆ ಮುದುಕ ಏನು ಹೇಳಿದ?”

“ನಥಿಂಗ್, ಸಾರ್” ಅಂದೆ.

ಪಾದ್ರಿಯ ಕಣ್ಣಲ್ಲಿ ನೀರು ಬಂತು. ಇಷ್ಟು ಬೇಗ ಯಾರಿಗೂ ಈ ‘ನಥಿಂಗ್’ ತಿಳಿದದ್ದಿಲ್ಲ ಅಂತ ನನ್ನ ಕೈ ಕುಲುಕಿದ.

ಪ್ರಪಂಚ ಯಾತರಿಂದ ಆಯಿತೋ ನಾ ಕಾಣೆ, ನನ್ನ ಕೆಲಸ ಕಾಯಂ ಆದದ್ದು ಮಾತ್ರ ನಥಿಂಗ್‌ನಿಂದಲೇ.