ಉಡದ ಸೀರೆಯ ಕೌದಿ

ನಮ್ಮಪ್ಪ ಬಣ್ಣಗಳನ್ನು ಹೆಸರು ಹಿಡಿದು ಕರೆಯುತ್ತಿದ್ದ. ಬೇರೆಯವರಿಗೆ ಹಸಿರು ಅಂದರೆ ಹಸಿರು, ಅಲ್ಲಿಗೆ ಮುಗಿಯಿತು. ಅವನಿಗೆ ಗಿಳಿಹಸಿರು ಬೇರೆ, ಎಲೆಹಸಿರು ಬೇರೆ, ಪಾಚಿಹಸಿರು ಬೇರೆ. ದಾವಣಗೆರೆ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ಬಿಚ್ಚಿ ತೋರಿಸುವುದು ಅವನ ಕೆಲಸ. ಅಂಗಡಿ ಬೇರೆಯವರದು, ನಾಲಿಗೆ ಮಾತ್ರ ಅವನದೇ. "ಇದು ಈರುಳ್ಳಿ ಸಿಪ್ಪೆ ಬಣ್ಣ ರೀ ಅಕ್ಕಾ, ಇದು ಬದನೆಕಾಯಿ, ಇದು ರಾಣಿ ಕಲರು. ನಿಮ್ಮ ಮೈಬಣ್ಣಕ್ಕೆ ಇದೇ ಎದ್ದು ಕಾಣ್ತೈತೆ ನೋಡ್ರಿ" ಅಂದನೆಂದರೆ, ಸುಮ್ಮನೆ ನೋಡಿ ಹೋಗಲು ಬಂದವರೂ ಕೈಚೀಲ ತುಂಬಿಕೊಂಡೇ ಹೋಗುತ್ತಿದ್ದರು. ಬೇರೆ ಮಕ್ಕಳ ಅಪ್ಪಂದಿರು ಜೇಬಿನಲ್ಲಿ ಪೆಪ್ಪರಮೆಂಟು ತರುತ್ತಿದ್ದರು, ನಮ್ಮಪ್ಪ ಬಟ್ಟೆಯ ಚೂರು ತರುತ್ತಿದ್ದ. ನಾನು ಒಬ್ಬಳೇ ಮಗಳು. ಅಕ್ಷರ ಕಲಿಯುವ ಮೊದಲೇ ನನಗೆ ನೇರಳೆಗೂ ಬದನೆಕಾಯಿಗೂ ಇರುವ ವ್ಯತ್ಯಾಸ ಗೊತ್ತಿತ್ತು. ಆ ಜಂಬ ಇವತ್ತಿಗೂ ಹೋಗಿಲ್ಲ.

ಅವ್ವನ ಸೀರೆಗಳೆಲ್ಲ ಅವನೇ ಆರಿಸಿ ತಂದವು. ಕೊನೆಯದು ಮಗ್ಗದ ನೂಲಿನ ಸೀರೆ, ಗಿಳಿಹಸಿರು ಒಡಲು, ಕುಂಕುಮಗೆಂಪಿನ ಅಂಚು. ಯುಗಾದಿಗೆ ಉಡಲಿ ಅಂತ ತಂದಿದ್ದ. ಅವ್ವ ಮಡಿಕೆಯನ್ನೂ ಬಿಚ್ಚದೆ ಹೆಗಲ ಮೇಲೆ ಇಟ್ಟುಕೊಂಡು ಕನ್ನಡಿ ಮುಂದೆ ನಿಲ್ಲಲು ಹೋದರೆ, "ಈಗ ಬ್ಯಾಡ. ಹಬ್ಬದ ದಿನ ಎಣ್ಣೆ ನೀರು ಹಾಕ್ಕಂಡು ಉಡು. ಆವಾಗ ನೋಡ್ತೀನಿ" ಅಂದ. ನೋಡಲಿಲ್ಲ. ಹಬ್ಬ ಇನ್ನೇನು ಬಂತು ಅನ್ನುವಾಗ ಅಂಗಡಿಯ ಗಾದಿಯ ಮೇಲೇ ಎದೆ ಹಿಡಿದುಕೊಂಡು ವಾಲಿದ. ಆ ವರ್ಷ ನಮ್ಮ ಮನೆಯಲ್ಲಿ ಯುಗಾದಿ ಇರಲಿಲ್ಲ.

ಬಿಳಿಯನ್ನೇ ಉಡಬೇಕು ಅಂತ ನಮ್ಮಲ್ಲಿ ಯಾರೂ ಕಟ್ಟು ಮಾಡಲಿಲ್ಲ. ಬೂದಿ ಬಣ್ಣ, ಬಿಸ್ಕಿಟ್ ಬಣ್ಣ, ಮಾಸಿದ ನೀಲಿ, ಇವೆಲ್ಲ ನಡೆಯುತ್ತಿದ್ದವು. ಹಸಿರು ಮಾತ್ರ ಮುತ್ತೈದೆಯರದು. ಉಡಬೇಡ ಅಂತ ಯಾರಾದರೂ ಬಾಯಿ ಬಿಟ್ಟು ಹೇಳಬೇಕಾದ ಮಾತೇ ಅದಲ್ಲ. ಅವ್ವ ತನ್ನ ಬಣ್ಣದ ಸೀರೆಗಳನ್ನೆಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದಳು. ಹೊಟ್ಟೆಪಾಡಿಗೆ ಅವಳು ಹಿಡಿದ ಕೆಲಸವಾದರೂ ಎಂಥದ್ದು ನೋಡಿ, ಊರವರ ಸೀರೆಗೆ ಫಾಲ್ ಹಚ್ಚುವುದು. ಆನೆಕೊಂಡದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತ ಅವ್ವನ ತೊಡೆಯ ಮೇಲೆ ದಿನವೂ ರಾಣಿ ಕಲರು, ಮಾವಿನಚಿಗುರು, ಆನಂದ ಬಣ್ಣ ಬಂದು ಹೋಗುತ್ತಿದ್ದವು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂತ ಗೊತ್ತಿರಲಿಲ್ಲ, ಅದಕ್ಕೇ ಎಲ್ಲರ ಮೇಲೂ ಬರುತ್ತಿತ್ತು.

ನಾನು ಹತ್ತನೇ ಕ್ಲಾಸಿನ ಪರೀಕ್ಷೆ ಬರೆದ ಬೇಸಿಗೆಯಲ್ಲಿ ಕುಕ್ಕುವಾಡದಿಂದ ಅಪ್ಪನ ಅಕ್ಕ ಬಂದಳು. ದಾವಣಗೆರೆ ಜಿಲ್ಲೆ ಆಗಿ ಇನ್ನೂ ಹೊಸತು. ಅತ್ತೆಗೆ ಮಗಳ ಮದುವೆಯ ಸಂಭ್ರಮ, ಪೇಟೆ ಸುತ್ತಿ ಸುತ್ತಿ ಕಾಲು ಬಾತಿತ್ತು. ಚಾ ಕುಡಿಯುತ್ತಾ ಮೆಲ್ಲಗೆ ಮಾತು ತೆಗೆದಳು.

"ಅಲ್ಲವ್ವಾ, ಆ ಗಿಳಿಹಸಿರು ಸೀರೆ ಟ್ರಂಕಿನಾಗೆ ಹಂಗೇ ಐತೇನು? ನೀನಂತೂ ಉಡೋಹಂಗಿಲ್ಲ. ನುಸಿ ತಿಂದು ಹಾಳಾಗೋದಕ್ಕಿಂತ ನನ್ನ ಮಗಳು ಉಟ್ರೆ ನಮ್ಮ ತಮ್ಮನ ಹೆಸರು ಉಳೀತೈತೆ."

ಅತ್ತೆ ಕೆಟ್ಟವಳಲ್ಲ. ಅಪ್ಪ ಹೋದ ಮೇಲೆ ನಮ್ಮ ಮನೆಗೆ ಅಕ್ಕಿ ಚೀಲ ಬರುತ್ತಿದ್ದುದು ಅವಳ ಮನೆಯಿಂದಲೇ. ಇಲ್ಲ ಅನ್ನಲು ಅವ್ವನಿಗೆ ಬಾಯಿ ಇರಲಿಲ್ಲ. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಆಮೇಲೆ ನನಗೂ ಗೊತ್ತಿರದ ಒಂದು ಮಾತು ಆಡಿದಳು. "ಅಕ್ಕಾ, ಆ ಟ್ರಂಕಿನ ಸೀರೆ ಎಲ್ಲ ಹಾಕಿ ಒಂದು ಕೌದಿ ಹೊಲೀಬೇಕು ಅಂತ ಮಾಡೀನಿ ರೀ."

"ಕೌದಿಗಾ? ಮಡಿಕೆ ಬಿಚ್ಚದ ಸೀರೆನಾ? ನಿನ್ನ ತಲೆ ನೆಟ್ಟಗೈತೋ ಇಲ್ಲೋ? ಹೊಸ ಬಟ್ಟೆ ಯಾರಾದ್ರೂ ಕೌದಿಗೆ ಹಾಕ್ತಾರೇನೇ?"

ಅವ್ವ ಸೆರಗಿನ ಸೂಜಿ ತೆಗೆದು ಮತ್ತೆ ಫಾಲ್ ಹಚ್ಚತೊಡಗಿದಳು. ಮರುದಿನ ಬೆಳಿಗ್ಗೆ ಟ್ರಂಕನ್ನು ಬಸ್ಸಿಗೆ ಹಾಕಿಸಿ, ನನ್ನನ್ನೂ ಕರೆದುಕೊಂಡು ಹರಿಹರದ ತವರಿಗೆ ಹೊರಟಳು. ಬಸ್ಸಿನಲ್ಲಿ ನಾನು ಕೇಳಿದೆ, "ಕೊಟ್ಟುಬಿಟ್ಟಿದ್ರೆ ಏನಾಗ್ತಿತ್ತವ್ವ? ಅತ್ತೆ ಮಗಳು ಉಟ್ಕಂತಿದ್ಲು." ಅವ್ವ ಕಿಟಕಿಯ ಕಡೆ ತಿರುಗಿಕೊಂಡು ಹೇಳಿದಳು, "ಅದು ಬ್ಯಾರೆಯವ್ರ ಮೈಮ್ಯಾಲೆ ಓಡಾಡೋದನ್ನ ನನಗೆ ನೋಡಾಕಾಗಲ್ಲ." ಬಾಯಿ ಬಿಟ್ಟು ಇಷ್ಟು ಹೇಳಿದ್ದೇ ಹೆಚ್ಚು.

ಅಜ್ಜಿ, ಅಂದರೆ ಅವ್ವನ ತಾಯಿ, ಕೌದಿ ಹೊಲಿಯುವುದರಲ್ಲಿ ಆ ಓಣಿಗೇ ಹೆಸರಾದವಳು. ಶಾಸ್ತ್ರದಲ್ಲಿ ಇನ್ನೂ ದೊಡ್ಡ ಹೆಸರು. ಅಮಾವಾಸ್ಯೆಗೆ ಸೂಜಿ ಮುಟ್ಟುವಂತಿಲ್ಲ. ಮೊದಲು ಹಾಸುವ ಸೀರೆಯನ್ನು ಕತ್ತರಿಯಿಂದ ಕತ್ತರಿಸುವಂತಿಲ್ಲ, ಹಲ್ಲಿನಿಂದ ಕಚ್ಚಿ ಕೈಯಿಂದಲೇ ಹರಿಯಬೇಕು. ಕೊನೆಯ ಮೂಲೆ ಹೊಲಿಯುವ ಮುನ್ನ ಒಳಗೆ ಹೋಳಿಗೆಯ ಚೂರು ಇಡಬೇಕು, ಇಲ್ಲದಿದ್ದರೆ ಕೌದಿ ಹಸಿದುಕೊಂಡಿರುತ್ತದೆ. ಒಂದು ತಪ್ಪಿದರೂ ಅಜ್ಜಿ ಹೊಲಿದಷ್ಟನ್ನೂ ಬಿಚ್ಚಿಸುತ್ತಿದ್ದಳು.

ನಾವು ಹೋದ ಮರುದಿನ ಅಜ್ಜಿಯ ಮಗ, ಸೊಸೆ, ಮಕ್ಕಳೆಲ್ಲ ಮಲೆಬೆನ್ನೂರಿಗೆ ಒಂದು ಮದುವೆಗೆ ಹೋಗಿದ್ದರು. ಅಜ್ಜಿ ಪಡಸಾಲೆ ಗುಡಿಸಿ, ದಬ್ಬಣ, ನೂಲುಂಡೆ, ಹಾಸು ಸರಿಯದಂತೆ ಮೂಲೆಗೆ ಇಡಲು ಗುಂಡುಕಲ್ಲು, ಎಲ್ಲ ಸಿದ್ಧ ಮಾಡಿಕೊಂಡು ಕೂತಿದ್ದಳು. ಕೌದಿಯಲ್ಲಿ ಮೊದಲು ಹಾಸುವುದು ಅಡಿಯ ಬಟ್ಟೆ, ಅಂದರೆ ಹೊದ್ದಾಗ ಮೈಗೆ ತಾಗುವ ಒಳಮೈ. ಅದರ ಮೇಲೆ ಹಳೆಯ ಪಂಚೆಗಳ ಪದರ, ಎಲ್ಲಕ್ಕಿಂತ ಮೇಲೆ ಬಣ್ಣದ ಚೂರುಗಳು.

"ಅಡಿಗೆ ಯಾವುದೇ?" ಅಂದಳು ಅಜ್ಜಿ.

ಅವ್ವ ಗಿಳಿಹಸಿರು ಸೀರೆ ಕೊಟ್ಟಳು. ನನಗೆ ತಡೆಯಲಾಗಲಿಲ್ಲ. "ಅಯ್ಯೋ, ಅದನ್ಯಾಕ ಅಡಿಗೆ ಹಾಕ್ತಿ? ಇಷ್ಟು ಚಲೋ ಬಣ್ಣ ಯಾರಿಗೂ ಕಾಣಲ್ಲ!"

"ಯಾರಿಗೂ ಕಾಣೋದು ಬ್ಯಾಡ," ಅಂದಳು ಅವ್ವ. "ನನ್ನ ಮೈಗೆ ತಾಗಿದ್ರೆ ಸಾಕು."

ಅಜ್ಜಿ ಸೀರೆಯನ್ನು ಮೂಗಿಗೆ ಹಿಡಿದಳು. ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ಮಡಿಕೆಯ ಗೆರೆಗಳು ಗರಿಗರಿಯಾಗಿದ್ದವು. "ಇದನ್ನ ಉಟ್ಟೇ ಇಲ್ಲೇನೇ?"

"ಇಲ್ಲವ್ವ."

"ಹಂಗಾದ್ರೆ ಇದು ಕೌದಿಗೆ ಬರಲ್ಲ. ಮೈ ಕಾಣದ ಬಟ್ಟೆ ಬೆಚ್ಚಗಿರಲ್ಲ. ಒಂದು ಸಲನಾದ್ರೂ ಉಟ್ಟು, ಬೆವರು ಹಿಡಿದು, ಒಂದು ನೀರು ಬೀಳ್ಬೇಕು. ನಮ್ಮವ್ವನ ಕಾಲದಿಂದ ನಡೆದು ಬಂದಿದ್ದು. ನನ್ನ ಕೈಯಾಗೆ ತಪ್ಪಾಕೆ ಬಿಡಲ್ಲ."

ಅವ್ವ ಸೀರೆಯನ್ನು ವಾಪಸ್ಸು ತೆಗೆದುಕೊಂಡು ಮಡಚತೊಡಗಿದಳು. ಮೊದಲೇ ಮಡಿಕೆ ಬಿಚ್ಚದ ಸೀರೆ, ಅದರಲ್ಲಿ ಮಡಚುವುದಾದರೂ ಏನಿತ್ತು? ಆದರೂ ಅಂಚಿಗೆ ಅಂಚು ಕೂಡಿಸಿ ಕೂಡಿಸಿ ಒತ್ತುತ್ತಿದ್ದಳು. ಕೊನೆಗೆ ಅದು ಕುಕ್ಕುವಾಡಕ್ಕೇ ಹೋಗುತ್ತದೆ ಅಂತ ಮೂವರಿಗೂ ಗೊತ್ತಾಯಿತು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಹಂಗಾದ್ರೆ ಅವ್ವ ಈಗ ಉಡ್ಲಿ ಬಿಡಜ್ಜಿ," ಅಂದುಬಿಟ್ಟೆ.

ಅಜ್ಜಿ ನನ್ನನ್ನು ನೋಡಿದ ನೋಟಕ್ಕೆ ನಾನು ಗೋಡೆಗೆ ಆತುಕೊಂಡೆ. ಬೈಗುಳ ಬರಲಿಲ್ಲ. ಅತ್ತ ದರಿ, ಇತ್ತ ಪುಲಿ. ಉಡದಿದ್ದರೆ ಕೌದಿಯ ಶಾಸ್ತ್ರ ಕೆಡುತ್ತದೆ, ಉಟ್ಟರೆ ಲೋಕದ ಶಾಸ್ತ್ರ ಕೆಡುತ್ತದೆ. ಅಜ್ಜಿ ದಬ್ಬಣವನ್ನು ನೂಲುಂಡೆಗೆ ಚುಚ್ಚಿ ತೆಗೆದು, ಚುಚ್ಚಿ ತೆಗೆದು ಬಹಳ ಹೊತ್ತು ಕೂತಳು. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದು, ಬೀದಿ ಬಾಗಿಲ ಚಿಲಕ ಹಾಕಿದಳು. ಹಿತ್ತಲ ಬಾಗಿಲದೂ ಹಾಕಿದಳು.

"ಉಡೇ," ಅಂದಳು. "ಕೌದಿ ಕೆಲಸಕ್ಕೆ ಉಡೋದು. ಸಿಂಗಾರಕ್ಕಲ್ಲ. ಬೆವರು ಹಿಡಿದ ಕೂಡ್ಲೇ ಬಿಚ್ಚಬೇಕು, ಹೇಳೀನಿ."

ಎರಡು ಶಾಸ್ತ್ರ ಜಗಳಾಡಿಕೊಂಡವು, ಲಾಭ ನಮ್ಮವ್ವನಿಗಾಯಿತು.

ಒಳಕೋಣೆಯಿಂದ ಅವ್ವ ಬಂದಾಗ ನಾನು ಎದ್ದು ನಿಂತೆ. ಯಾಕೆ ಎದ್ದೆನೋ ಗೊತ್ತಿಲ್ಲ. ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಬಳೆಯಿಲ್ಲ, ಆದರೂ ಆ ಗಿಳಿಹಸಿರು ಅವಳ ಮುಖವನ್ನು ಬೆಳಗಿಬಿಟ್ಟಿತ್ತು. ಗಂಜಿಯ ಗರಿಗೆ ನೆರಿಗೆಗಳು ಸರಬರ ಅನ್ನುತ್ತಿದ್ದವು. ಅವ್ವ ಸೆರಗನ್ನು ಎಲ್ಲಿ ಹಿಡಿಯಬೇಕೋ ತಿಳಿಯದೆ, ಹೊಸ ಮದುಮಗಳ ಹಾಗೆ ನಿಂತು ನನ್ನನ್ನು ಕೇಳಿದಳು.

"ಹೆಂಗೈತೆ?"

"ನಿನ್ನ ಮೈಬಣ್ಣಕ್ಕೆ ಎದ್ದು ಕಾಣ್ತೈತೆ," ಅಂದೆ.

ಅಪ್ಪನ ಮಾತು ನನ್ನ ಬಾಯಲ್ಲಿ ಬಂದಿತ್ತು. ಅವ್ವ ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡಳು. ಅಜ್ಜಿ ಕೆಮ್ಮಿದಳು. "ಸಾಕು, ಕೂಡ್ರಿ. ಫ್ಯಾನ್ ಹಾಕಬ್ಯಾಡ್ರಿ, ಬೆವರು ಬರ್ಲಿ."

ಅವ್ವ ಅದೇ ಸೀರೆಯಲ್ಲಿ ನೆಲಕ್ಕೆ ಕೂತು, ಟ್ರಂಕಿನ ಉಳಿದ ಸೀರೆಗಳನ್ನು ಕತ್ತರಿಸಿ ಮೇಲಿನ ಚೂರುಗಳನ್ನು ಜೋಡಿಸತೊಡಗಿದಳು. ಬಾಳೆಎಲೆ ಹಸಿರನ್ನು ನೇರಳೆಯ ಪಕ್ಕ ಇಟ್ಟಳು, ನಾನು ತೆಗೆದು ಅರಿಶಿನದ ಪಕ್ಕ ಇಟ್ಟೆ. "ನಿನಗೇನು ಗೊತ್ತು ಸುಮ್ನಿರು" ಅಂತ ಅವಳು ಮತ್ತೆ ನೇರಳೆಯ ಪಕ್ಕವೇ ಇಟ್ಟಳು. ರಾಣಿ ಕಲರಿನ ಒಂದು ಚೂರಿಗೆ ಇಬ್ಬರೂ ಎಳೆದಾಡಿದೆವು. ಈರುಳ್ಳಿ ಸಿಪ್ಪೆಯ ಸೀರೆ ಯಾವ ಹಬ್ಬಕ್ಕೆ ಬಂತು, ಆನಂದ ಬಣ್ಣದ್ದನ್ನು ಉಟ್ಟು ಯಾರ ಮದುವೆಗೆ ಹೋಗಿದ್ದರು, ಬದನೆಕಾಯಿಯದು ಬೇಡ ಅಂತ ಹಟ ಹಿಡಿದಾಗ ಅಪ್ಪ ಏನೆಂದು ರಮಿಸಿದ, ಎಲ್ಲವನ್ನೂ ಅವ್ವ ಹೇಳುತ್ತಾ ಹೋದಳು. ಅಪ್ಪ ಸತ್ತ ಮೇಲೆ ಅವಳ ಬಾಯಲ್ಲಿ ಅಷ್ಟು ಮಾತು ನಾನು ಕೇಳಿದ್ದೇ ಇಲ್ಲ. ಮೊದಲಿನ ಅವ್ವ ವಾಪಸ್ಸು ಬಂದಿದ್ದಳು, ಇದು ಮುಗಿಯಬಾರದು ಅಂತ ನನ್ನ ಜೀವ ಬಡಿದುಕೊಳ್ಳುತ್ತಿತ್ತು.

ಹರಿಹರದ ಬೇಸಿಗೆ ಕೇಳಬೇಕೆ. ಸ್ವಲ್ಪ ಹೊತ್ತಿಗೇ ಅವ್ವನ ಬೆನ್ನಿನ ಮೇಲೆ ಹಸಿರು ಕಪ್ಪಾಗತೊಡಗಿತು. ನಾನು ನೋಡಿದೆ. ಅಜ್ಜಿಯೂ ನೋಡಿದಳು. ಇನ್ನು ಬಿಚ್ಚು ಅನ್ನುತ್ತಾಳೆ ಅಂದುಕೊಂಡೆ. ಅಜ್ಜಿ ಎದ್ದಳು, ಗೋಡೆಯ ಹತ್ತಿರ ಹೋದಳು, ಫ್ಯಾನಿನ ಸ್ವಿಚ್ ಹಾಕಿದಳು.

"ಇನ್ನೂ ಬೆವರು ಹಿಡಿದಿಲ್ಲ," ಅಂದಳು, ಯಾರ ಮುಖವನ್ನೂ ನೋಡದೆ.

ಹೊಲಿಗೆ ಒಂದೆಳೆ ಸೊಟ್ಟಗಾದರೆ ಇಡೀ ಸಾಲು ಬಿಚ್ಚಿಸುವ ಅಜ್ಜಿ! ಅವ್ವನಿಗೆ ಎಲ್ಲ ಅರ್ಥವಾಗಿತ್ತು. ತಲೆ ಎತ್ತಲಿಲ್ಲ, ಚೂರು ಜೋಡಿಸುತ್ತಲೇ ಇದ್ದಳು, ಕೈ ಮಾತ್ರ ಸ್ವಲ್ಪ ನಿಧಾನವಾಯಿತು.

ಆ ದಿನಗಳಲ್ಲಿ ಕರೆಂಟು ಹೇಳಿ ಕೇಳಿ ಹೋಗುತ್ತಿರಲಿಲ್ಲ. ಫ್ಯಾನು ಗರಗರ ಅಂದು ನಿಂತಿತು. ಅಜ್ಜಿ "ಇವರ ಕರೆಂಟಿಗೆ ಬೆಂಕಿ ಬೀಳ" ಅಂತ ಶಾಪ ಹಾಕಿ, ಗೋಡೆಯ ಮಾಡಿನಲ್ಲಿದ್ದ ಬೀಸಣಿಗೆ ತಂದು, ಮಗಳ ಬೆನ್ನ ಹಿಂದೆ ಕೂತು ಬೀಸತೊಡಗಿದಳು. ಈ ಕೈ ಸೋತರೆ ಆ ಕೈ, ಆ ಕೈ ಸೋತರೆ ಈ ಕೈ. ನಾನು ಬೀಸುತ್ತೇನೆ ಅಂದರೂ ಕೊಡಲಿಲ್ಲ. ಹೊರಗೆ ಬಿಸಿಲು ಇಳಿಯುವವರೆಗೂ ಬೀಸಿದಳು.

ಮಲೆಬೆನ್ನೂರಿನವರು ಬರುವ ಹೊತ್ತಾಗಿತ್ತು. ಅವ್ವ ತಾನಾಗಿಯೇ ಎದ್ದು ಒಳಗೆ ಹೋಗಿ ಬಿಸ್ಕಿಟ್ ಬಣ್ಣದ ಸೀರೆ ಉಟ್ಟು ಬಂದಳು. ಹಸಿರು ಸೀರೆಯನ್ನು ನಾನು ಹೊಳೆಗೆ ಒಯ್ದು ತುಂಗಭದ್ರೆಯಲ್ಲಿ ಅದ್ದಿ ತಂದೆ. ಬೆಳಿಗ್ಗೆ ಅಜ್ಜಿ ಅದರ ಅಂಚನ್ನು ಹಲ್ಲಿನಿಂದ ಕಚ್ಚಿ, ನಡುವೆ ಪರ್ರನೆ ಹರಿದಳು. ಎರಡೂ ಭಾಗ ಅಕ್ಕಪಕ್ಕ ಕೂಡಿಸಿ ಅಡಿಗೆ ಹಾಸಿದೆವು. ಕೌದಿ ಮುಗಿದ ದಿನ ಅದಕ್ಕೆ ಹೋಳಿಗೆಯನ್ನೂ ತಿನ್ನಿಸಿದೆವು.

ಆಮೇಲೆ ಅವ್ವ ಎಂದೂ ಹಸಿರು ಉಡಲಿಲ್ಲ. ಮಳೆಗಾಲ, ಚಳಿಗಾಲ ಆ ಕೌದಿಯನ್ನು ಹೊದೆಯುತ್ತಿದ್ದಳು, ಹಸಿರು ಒಳಗೆ, ಚೂರುಗಳು ಹೊರಗೆ. ಬಂದವರು ಚೂರುಗಳನ್ನು ನೋಡಿ ಚೆಂದ ಐತೆ ಅಂದು ಹೋಗುತ್ತಿದ್ದರು. ಅಜ್ಜಿ ತೀರಿಕೊಂಡಳು. ನಾನು ಮದುವೆಯಾದೆ, ಆಸೆಪಟ್ಟು ಎಷ್ಟೋ ಗಿಳಿಹಸಿರು ಸೀರೆ ತೆಗೆದುಕೊಂಡೆ. ಯಾವುದೂ ಆ ಹಸಿರಲ್ಲ. ಅಂಗಡಿಯವರು ಇದೇ ರೀ ಮೇಡಂ ಅನ್ನುತ್ತಾರೆ, ನಾನು ಅಲ್ಲ ಅಂತ ಜಗಳಾಡಿ ಎದ್ದು ಬರುತ್ತೇನೆ.

ಅವ್ವ ಹಾಸಿಗೆ ಹಿಡಿದದ್ದು ಒಂದು ಬೇಸಿಗೆಯಲ್ಲಿ. ಮುದುಕಿಯಾಗಿದ್ದ ಅತ್ತೆಯೂ ಕುಕ್ಕುವಾಡದಿಂದ ನೋಡಲು ಬಂದು ಪಕ್ಕದಲ್ಲೇ ಕೂತಿದ್ದಳು. ಅವ್ವ ನನ್ನನ್ನು ಕರೆದು, "ಕೌದಿ ಹೊದಿಸೇ. ಹಸಿರು ಮ್ಯಾಲೆ ಮಾಡು" ಅಂದಳು. ತಿರುವಿ ಹೊದಿಸಿದೆ. ಅಷ್ಟು ವರ್ಷ ಮೈಗೆ ತಾಗಿ ತಾಗಿ ಹಸಿರು ಮೆತ್ತಗಾಗಿತ್ತು, ಮಾಸಿತ್ತು, ಆದರೂ ಗಿಳಿಹಸಿರೇ. ಅವ್ವ ಅದನ್ನು ಕತ್ತಿನವರೆಗೆ ಎಳೆದುಕೊಂಡು ನೋಡುತ್ತಾ ಮಲಗಿದಳು.

ಅತ್ತೆಗೆ ತಡೆಯಲಾಗಲಿಲ್ಲ. "ಈ ಉರಿಬಿಸಿಲಾಗೆ ಕೌದಿ ಯಾಕವ್ವ? ನೋಡು, ಹಣೆ ಮ್ಯಾಲೆ ಹೆಂಗೆ ನೀರು ಇಳೀತೈತೆ. ತೆಗಿಯೇ ಹುಡುಗಿ."

ನಾನು ತೆಗೆಯಲು ಕೈ ಹಾಕಿದೆ. ಅವ್ವ ಕೌದಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ನನ್ನ ಕಡೆ ನೋಡಿದಳು.

"ಇನ್ನೂ ಬೆವರು ಹಿಡಿದಿಲ್ಲ," ಅಂದಳು.

ನಾನು ಕೈ ತೆಗೆದೆ. ಎದ್ದು ಹೋಗಿ ಫ್ಯಾನ್ ಜೋರು ಮಾಡಿದೆ.