ಮುಂಬಾಗಿಲು ತಟ್ಟಿದ ದಿನ

ಕಳೆದ ಏಪ್ರಿಲ್‌ನ ಒಂದು ಶನಿವಾರ ಅಳಿಯ ಹಿಂದಿನ ಡೆಕ್ಕಿನಲ್ಲಿ ಕೂತು ಹೊಸ ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಸವರುತ್ತಿದ್ದ. ನಮ್ಮವರು ತೀರಿಕೊಂಡ ಮೇಲೆ ನಾನು ನ್ಯೂಜೆರ್ಸಿಯ ಮನ್ರೋದಲ್ಲಿ ಮಗಳು ಅಳಿಯನ ಜೊತೆ ಇದ್ದೇನೆ. ನಮ್ಮ ಬೀದಿಯಲ್ಲಿ ವಾರಾಂತ್ಯದ ಕ್ರಿಕೆಟ್ ಆಡದ ಗಂಡಸರೇ ಕಡಿಮೆ. ನಾನು ಅಡುಗೆಮನೆಯಲ್ಲಿ ಬೇಳೆ ತೊಳೆಯುತ್ತಿದ್ದೆ. ತೆರೆದ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಧಾರವಾಡದಲ್ಲಿ ಹುಟ್ಟಿ ಬೆಳೆದ ನನಗೆ ಅಗಸೆ ಎಂದರೆ ಹುರಿದು ಕುಟ್ಟಿದ ಚಟ್ನಿಪುಡಿ ನೆನಪಾಗಬೇಕಿತ್ತು. ನೆನಪಾದದ್ದು ಒಂದು ಬೂದು ಬಣ್ಣದ ಉಣ್ಣೆ ಕೋಟಿನ ತೋಳು. ನಲ್ಲಿ ನಿಲ್ಲಿಸಿದೆ.

ಆ ಕೋಟು ನಮ್ಮ ಪಕ್ಕದ ಮನೆಯಾಕೆಯದು. ೧೯೬೯ರಲ್ಲಿ ನಾವು ನ್ಯೂಜೆರ್ಸಿಗೆ ಬಂದಾಗ ನಮ್ಮವರಿಗೆ ಕೆಲಸ ಸಿಕ್ಕಿದ್ದು ವಾಯವ್ಯದ ಒಂದು ಹಳ್ಳಿಗಾಡಿನ ಕೌಂಟಿಯ, ಅಂದರೆ ಜಿಲ್ಲೆಯ, ಕಾರ್ಖಾನೆಯಲ್ಲಿ. ಹೊಲಗಳ ನಡುವೆ ಕಲ್ಲಿನ ಗೋಡೆಗಳು, ಹಸುಗಳು, ಚಿಕ್ಕ ಚರ್ಚುಗಳು. ನಮ್ಮ ಬಾಡಿಗೆ ಮನೆಯ ಆಚೆ ಆಕೆ ಒಬ್ಬರೇ ಇದ್ದರು. ಎಪ್ಪತ್ತು ದಾಟಿದ್ದ ನಿವೃತ್ತ ಶಿಕ್ಷಕಿ. ಒಂದೇ ಕೋಣೆಯ ಶಾಲೆಯಲ್ಲಿ ಅರ್ಧ ಕೌಂಟಿಗೆ ಓದು ಬರಹ ಕಲಿಸಿದವರು. ಊರೆಲ್ಲ ಅವರನ್ನು ಮಿಸ್ ಎಂದೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಪ್ರತಿ ಅಕ್ಟೋಬರ್‌ನಲ್ಲಿ ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ, ಚಪಾತಿ ಹಿಟ್ಟಿನಂತೆ ನಾದಿ, ಚಳಿಗಾಳಿ ನುಗ್ಗದಂತೆ ಕಿಟಕಿಯ ಗಾಜುಗಳ ಅಂಚಿಗೆ ತಾವೇ ಮೆತ್ತುತ್ತಿದ್ದರು. ಆ ವಾಸನೆ ಅವರ ತೋಳಿನಿಂದ ಚಳಿಗಾಲ ಮುಗಿಯುವವರೆಗೂ ಹೋಗುತ್ತಿರಲಿಲ್ಲ.

ಅವರು ಆಗ ಹಳೆಯ ಕಟ್ಟಡಗಳ ಪಟ್ಟಿ ಮಾಡುತ್ತಿದ್ದರು. ಕೌಂಟಿಯಲ್ಲಿ ನೂರೈವತ್ತು, ಇನ್ನೂರು ವರ್ಷಗಳ ಹಿಂದಿನ ಕಲ್ಲಿನ ಮನೆಗಳು, ನೀರಿನ ಗಿರಣಿಗಳು, ಕೊಟ್ಟಿಗೆಗಳು ಇನ್ನೂ ಇದ್ದವು. ಒಂದೊಂದಾಗಿ ಬೀಳುತ್ತಲೂ ಇದ್ದವು. ಉಳಿಸಬೇಕಾದರೆ ಮೊದಲು ಏನಿದೆ ಎಂದು ಗೊತ್ತಿರಬೇಕಲ್ಲ ಎಂದು ಮಿಸ್ ಕೌಂಟಿಯವರ ಬೆನ್ನು ಹತ್ತಿ, ಆ ಕೆಲಸವನ್ನು ಸಂಬಳವಿಲ್ಲದೆ ತಾವೇ ವಹಿಸಿಕೊಂಡಿದ್ದರು. ಆದರೆ ಎರಡೂ ಕಣ್ಣುಗಳಿಗೆ ಪೊರೆ ಬರುತ್ತಿತ್ತು. ಡ್ರೈವ್ ಮಾಡಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ನನಗೆ ಆ ವರ್ಷವೇ ಲೈಸೆನ್ಸ್ ಸಿಕ್ಕಿತ್ತು. ನಮ್ಮವರು ಬೇರೆಯವರ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರಿಂದ ನಮ್ಮ ಹಳೆಯ ಸ್ಟೇಷನ್ ವ್ಯಾಗನ್ ಹಗಲೆಲ್ಲ ಮನೆಯ ಮುಂದೆಯೇ ನಿಂತಿರುತ್ತಿತ್ತು.

"ನಿನಗೆ ಕಾರಿದೆ, ಕಣ್ಣಿದೆ," ಎಂದರು ಒಂದು ಬೆಳಿಗ್ಗೆ. "ನನಗೆ ದಾರಿ ಗೊತ್ತಿದೆ. ಇಬ್ಬರೂ ಸೇರಿದರೆ ಒಬ್ಬ ಸರಿಯಾದ ಮನುಷ್ಯ ಆಗಬಹುದು."

ಅಂದಿನಿಂದ ನಾನು ಅವರ ಬಾಯಲ್ಲಿ ಡ್ರೈವರ್. "ಡ್ರೈವರ್, ಎಡಕ್ಕೆ." "ಡ್ರೈವರ್, ಆ ಹಸುವಿಗೆ ದಾರಿ ಬಿಡು, ಅದು ನಿನಗಿಂತ ಮೊದಲು ಇಲ್ಲಿಗೆ ಬಂದದ್ದು."

ಒಂದು ಕಟ್ಟಡಕ್ಕೆ ಒಂದು ಹಾಳೆ. ಗೋಡೆ ಯಾವುದರದು, ಚಾವಣಿ ಯಾವುದರದು, ಹೊಗೆಗೂಡು ಎಷ್ಟು, ಕಿಟಕಿಯ ಮೇಲಿನ ಪಾಲಿಗೆ, ಕೆಳಗಿನ ಪಾಲಿಗೆ ಗಾಜು ಎಷ್ಟು, ಈಗ ಯಾರಾದರೂ ವಾಸವಿದ್ದಾರೆಯೇ. ನಾನು ಅಳತೆಯ ಟೇಪಿನ ತುದಿ ಹಿಡಿಯುತ್ತಿದ್ದೆ, ಗಾಜು ಎಣಿಸುತ್ತಿದ್ದೆ, ದೊಡ್ಡಕ್ಷರಗಳಲ್ಲಿ ಬರೆಯುತ್ತಿದ್ದೆ. ಮಿಸ್ ಕೆಳಗೆ ಸಹಿ ಹಾಕುತ್ತಿದ್ದರು. ಒಮ್ಮೆ ಒಂದು ಗಿರಣಿಯ ಹಾಳೆಯಲ್ಲಿ "ತೊಲೆ ಬಹುಶಃ ಓಕ್ ಮರ" ಎಂದು ಬರೆದಿದ್ದೆ. ಬಹುಶಃ ಎನ್ನುವುದನ್ನು ಹೊಡೆದುಹಾಕಿಸಿ, ಕಾರಿನಿಂದಿಳಿದು, ಆ ತೊಲೆಯ ಮೇಲೆ ನನ್ನ ಕೈ ಇಡಿಸಿದರು. "ಈಗ ಬರೆ," ಎಂದರು.

ಮನೆಗಳಿಗೆ ಹೋದಾಗ ಮಿಸ್ ಎಂದೂ ಮುಂಬಾಗಿಲಿಗೆ ಹೋದವರಲ್ಲ. ಪಕ್ಕದಿಂದ ಸುತ್ತಿಕೊಂಡು ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ ಕೂಗುತ್ತಿದ್ದರು. ಒಳಗಿನವರು ಕೈ ಒರೆಸಿಕೊಳ್ಳುತ್ತ ಬರುತ್ತಿದ್ದರು, ಕಾಫಿ ಕೊಡುತ್ತಿದ್ದರು. ಅದು ಸಲಿಗೆ ಎಂದುಕೊಂಡಿದ್ದೆ. ಎಲ್ಲರೂ ಅವರ ಶಿಷ್ಯರೇ, ಹೇಗೆ ಬೇಕಾದರೂ ಒಳಗೆ ಹೋಗಬಹುದು... ಕೇಳಬೇಕಿತ್ತು. ಕೇಳಲಿಲ್ಲ.

ಎರಡನೆಯ ವರ್ಷದ ನವೆಂಬರ್‌ನಲ್ಲಿ ಮಿಸ್ ಜ್ವರದಿಂದ ಮಲಗಿದರು. ಹಿಮ ಬೀಳುವ ಮೊದಲು ಒಂದು ರಸ್ತೆಯ ಮೂರು ಮನೆಗಳನ್ನು ನೋಡಿ ಮುಗಿಸಬೇಕಿತ್ತು. ನಾನೊಬ್ಬಳೇ ಹೋಗಿಬರುತ್ತೇನೆ ಎಂದೆ. ಮೊದಲಿನ ಎರಡು ಮನೆಗಳವರು ಅಂಗಳದಲ್ಲೇ ಸಿಕ್ಕಿದರು. ಮೂರನೆಯದು ರಸ್ತೆಯ ತಿರುವಿನಲ್ಲಿದ್ದ ಕಲ್ಲಿನ ಮನೆ. ಅಗಲವಾದ ಮೆಟ್ಟಿಲುಗಳ ಮೇಲೆ ಪಾಚಿ ಬೆಳೆದಿತ್ತು. ಬಾಗಿಲಿಗೆ ಒರಗಿ ಒಣಗಿದ ಎಲೆಗಳು ಮೊಣಕಾಲೆತ್ತರ ಬಿದ್ದಿದ್ದವು. ಹಿತ್ತಾಳೆಯ ಹಿಡಿಗೆ ಜೇಡ ಬಲೆ ಕಟ್ಟಿತ್ತು. ಮೂರು ಸಲ ತಟ್ಟಿದೆ, ಕಾದೆ, ಇನ್ನೊಮ್ಮೆ ತಟ್ಟಿದೆ. ಯಾರೂ ಬರಲಿಲ್ಲ. ಹಿಂದಕ್ಕೆ ಹೋಗಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಹೋಗುತ್ತಿರಲಿಲ್ಲ. ಪರಿಚಯವಿಲ್ಲದವರ ಮನೆಗೆ ಹಿತ್ತಲಿನಿಂದ ಹೋಗುವುದನ್ನು ನಮ್ಮ ತಾಯಿ ನಮಗೆ ಕಲಿಸಿರಲಿಲ್ಲ. ಕಿಟಕಿಯ ಗಾಜುಗಳನ್ನು ಸರಿಯಾಗಿ ಎಣಿಸಿದೆ, ಪಾಲಿಗೆ ಆರು. ವಾಸವಿದ್ದಾರೆಯೇ ಎಂಬಲ್ಲಿ "ಇಲ್ಲ" ಎಂದು ಬರೆದೆ.

ಆ ವಾರದ ಹಾಳೆಗಳನ್ನೆಲ್ಲ ಮಿಸ್ ಹಾಸಿಗೆಯ ಹತ್ತಿರ ಒಯ್ದೆ. ಓದಿ ಹೇಳಲೇ ಎಂದು ಕೇಳಿದೆ. "ನೀನೇ ಬರೆದದ್ದು ತಾನೇ," ಎಂದು ಒಂದೊಂದಕ್ಕೂ ಸಹಿ ಹಾಕಿದರು.

ಮುಂದಿನ ಬೇಸಿಗೆಯ ಮೊದಲಲ್ಲಿ, ನಾನು ಮಿಸ್ ಅವರ ಅಡುಗೆಮನೆಯಲ್ಲಿ ಹಾಳೆಗಳನ್ನು ಜೋಡಿಸುತ್ತಿದ್ದಾಗ, ಅರವತ್ತರ ಆಸುಪಾಸಿನ ರೈತನೊಬ್ಬ ಹಿಂಬಾಗಿಲಿನಿಂದ ಒಳಗೆ ಬಂದ. ಕಿವಿಯಲ್ಲಿ ಯಂತ್ರವಿತ್ತು. ಟೋಪಿ ತೆಗೆದು ಒಂದು ಲಕೋಟೆಯನ್ನು ಮೇಜಿನ ಮೇಲಿಟ್ಟ.

"ಮಿಸ್, ನಾನು ಯಾವಾಗ ಸತ್ತೆ?" ಎಂದ. "ನನಗೆ ಯಾರೂ ಹೇಳಲೇ ಇಲ್ಲ."

"ಕೂತ್ಕೋ. ಸತ್ತವರೂ ನನ್ನ ಮನೆಯಲ್ಲಿ ಕಾಲು ಒರೆಸಿಕೊಂಡು ಬರಬೇಕು," ಎಂದರು ಮಿಸ್.

ರಸ್ತೆಯ ಕಚೇರಿಯವರು ಆ ತಿರುವನ್ನು ನೇರ ಮಾಡಲು ಹೊರಟಿದ್ದರು. ಒಂದು ಕಡೆ ಜನವಿದ್ದ ಮನೆ, ಇನ್ನೊಂದು ಕಡೆ ನಮ್ಮ ಪಟ್ಟಿಯ ಪ್ರಕಾರ ಯಾರೂ ಇಲ್ಲದ ಮನೆ. ಯಾರೂ ಇಲ್ಲದ ಮನೆಯ ಮೇಲೆ ಗೆರೆ ಎಳೆದು, ಮೇಲಿನವರ ಒಪ್ಪಿಗೆ ಪಡೆದು, ಜಾಗ ವಶಪಡಿಸಿಕೊಳ್ಳುವ ನೋಟಿಸ್ ಕಳಿಸಿದ್ದರು. ನೋಟಿಸಿನ ಹಿಂದೆ ನಮ್ಮ ಹಾಳೆಯ ಪ್ರತಿ ಇತ್ತು. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದ ಮನುಷ್ಯ ಅವನು.

"ಮುಂದಿನ ಬಾಗಿಲು ತಟ್ಟಿರಬೇಕು ಯಾರೋ," ಎಂದ. "ಅಮ್ಮನನ್ನು ಹೊರಗೆ ಒಯ್ದ ಮೇಲೆ ಅದನ್ನು ನಾನು ತೆಗೆದೇ ಇಲ್ಲ. ಅದು ಮದುವೆಗೆ, ಶವಪೆಟ್ಟಿಗೆಗೆ. ನಮ್ಮ ಕಡೆ ಯಾರು ಆ ಬಾಗಿಲು ತಟ್ಟುತ್ತಾರೆ, ಮಿಸ್?"

ಮಿಸ್ ಭೂತಗನ್ನಡಿ ಹಿಡಿದು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನನ್ನ ದೊಡ್ಡಕ್ಷರಗಳು ಅವರಿಗೆ ಚೆನ್ನಾಗಿ ಗೊತ್ತಿದ್ದವು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

"ನನ್ನ ಸಹಿ ಇದೆ," ಎಂದರು. "ನಾನೇ ಬರೆದದ್ದು. ಕಣ್ಣು ಹೋಗಿದೆ."

ಅವನು ಹೋದ ಮೇಲೆ ನಾನು ಅತ್ತೆ. ನಾಳೆಯೇ ಕೌಂಟಿಗೆ ಹೋಗಿ ಹೇಳುತ್ತೇನೆ ಎಂದೆ. ಮಿಸ್ ಮೇಜಿನ ಮೇಲಿನ ಹಾಳೆಗಳನ್ನು ಸರಿಮಾಡುತ್ತ, ಮೆಲ್ಲಗೆ, ತರಗತಿಯಲ್ಲಿ ಹೇಳುವಂತೆ ಹೇಳಿದರು: "ನನ್ನ ತಪ್ಪನ್ನು ಈ ಊರು ಒಂದು ವರ್ಷದಲ್ಲಿ ಮರೆಯುತ್ತದೆ. ನಿನ್ನದನ್ನು ಮರೆಯುವುದಿಲ್ಲ. ಅಂಗಡಿಗೆ ಹೋದಾಗಲೆಲ್ಲ ನೆನಪು ಮಾಡಿಕೊಡುತ್ತದೆ. ನನಗೆ ಇವರೆಲ್ಲ ಗೊತ್ತು, ನಾನೇ ಕಲಿಸಿದ್ದು."

ಮನೆಗೆ ಬಂದು ನಮ್ಮವರಿಗೆ ಹೇಳಿದೆ. "ಆಕಿ ವಿಚಾರ ಮಾಡೇ ಹೇಳ್ಯಾಳ, ನೀ ಸುಮ್ನಿರು," ಎಂದರು. "ನಮ್ಮ ಗ್ರೀನ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ, ನೆನಪದ ಇಲ್ಲೋ? ಸರ್ಕಾರಿ ಕಾಗದದಾಗ ಸುಳ್ಳ ಬರದ್ಲು ಅಂದ್ರ ಏನ್ ಹೇಳೋದು?" ಅವರಿಗೂ ಹೆದರಿಕೆಯಿತ್ತು. ಅವರನ್ನು ದೂರುವುದಿಲ್ಲ.

ಜೂನ್‌ನಲ್ಲಿ ಕೌಂಟಿ ಕಟ್ಟಡದಲ್ಲಿ ಸಭೆ ಸೇರಿತು. ನಾನೂ ನಮ್ಮವರೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಮಿಸ್ ಮುಂದಿನ ಸಾಲಿನಲ್ಲಿ ಎದ್ದು ನಿಂತು ತಪ್ಪು ತಮ್ಮದು, ಆ ಮನೆಯಲ್ಲಿ ಜನ ಇದ್ದಾರೆ, ಗೆರೆ ಬದಲಿಸಿ ಎಂದು ಕೇಳಿದರು.

"ಎಲ್ಲವನ್ನೂ ಎರಡು ಸಲ ನೋಡು ಅಂತ ನನ್ನ ಬೆರಳಿಗೆ ಹೊಡೆದವರು ನೀವೇ ಅಲ್ಲವೇ, ಮಿಸ್?" ಎಂದ ಮೇಜಿನಾಚೆ ಕೂತಿದ್ದ ಕೌಂಟಿಯ ಸದಸ್ಯರಲ್ಲಿ ಒಬ್ಬ, ಅವರ ಹಳೆಯ ಶಿಷ್ಯ. ಜನ ನಕ್ಕರು. ಮಿಸ್ ಕೂಡ ನಕ್ಕರು. "ಹೊಡೆದದ್ದು ಸಾಲಲಿಲ್ಲ ಅಂತ ಕಾಣುತ್ತದೆ," ಎಂದರು.

ಅವನ ಪಕ್ಕದವನು ನಗಲಿಲ್ಲ. ಒಂದು ಹಾಳೆ ತಪ್ಪಾದರೆ ಉಳಿದವನ್ನು ನಂಬುವುದು ಹೇಗೆ ಎಂದು ಕೇಳಿದ. ಕಣ್ಣು ಕಾಣದವರು ಮಾಡಿದ ಪಟ್ಟಿಯನ್ನು ಹಿಡಿದುಕೊಂಡು ಯಾವ ಕಟ್ಟಡವನ್ನು ಉಳಿಸುವುದು, ಯಾವುದನ್ನು ಬಿಡುವುದು? ಹಲವು ತಲೆಗಳು ಅಲ್ಲಾಡಿದವು.

ಆಗ ನನಗೆ ಅರ್ಥವಾಯಿತು. ನಾನು ಎದ್ದು ನಿಂತು, ಆ ದಿನ ನಾನೊಬ್ಬಳೇ ಹೋಗಿದ್ದೆ ಎಂದರೆ, ಸಂಶಯಕ್ಕೆ ಬರುವುದು ಮೂರು ಹಾಳೆ ಮಾತ್ರ. ಸುಮ್ಮನಿದ್ದರೆ ಇಡೀ ಪಟ್ಟಿ. ಮಿಸ್ ಅವರಿಗೆ ಆ ಕ್ಷಣದವರೆಗೆ ಇದು ಹೊಳೆದಿರಲಿಲ್ಲವೇನೋ... ಅವರು ಕುರ್ಚಿಯ ಬೆನ್ನು ಹಿಡಿದು, ಹಿಂದಕ್ಕೆ ತಿರುಗಿ ನಮ್ಮ ಸಾಲಿನ ಕಡೆ ನೋಡಿದರು. ಅಷ್ಟು ದೂರದಿಂದ ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ನನಗೆ ಅವರದು ಕಂಡಿತು. ನಮ್ಮವರು ನನ್ನ ಮಣಿಕಟ್ಟು ಹಿಡಿದಿದ್ದರು, ಆದರೆ ಬಿಗಿಯಾಗಿ ಹಿಡಿದಿರಲಿಲ್ಲ. ಬಿಡಿಸಿಕೊಳ್ಳಬಹುದಿತ್ತು. ನಾನು ಏಳಲಿಲ್ಲ.

ಪಟ್ಟಿಯನ್ನು ಬದಿಗಿಟ್ಟರು. ಗೆರೆ ಬದಲಾಗಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮನೆ ಕೆಡವುವ ದಿನ ಮಿಸ್ ನನ್ನನ್ನು ಕರೆದರು. ತಿರುವಿನ ಆಚೆ, ಸೇಬಿನ ತೋಟದ ಹತ್ತಿರ ಕಾರು ನಿಲ್ಲಿಸಿದೆ. ರೈತ ಹಿಂದಿನ ವಾರವೇ ಪೆನ್ಸಿಲ್ವೇನಿಯಾದ ತಂಗಿಯ ಮನೆಗೆ ಹೋಗಿಬಿಟ್ಟಿದ್ದ. ಮಿಸ್ ಕಾರಿನಿಂದ ಇಳಿಯಲಿಲ್ಲ. ಕಿಟಕಿಯ ಗಾಜು ಇಳಿಸಿ ಕಿವಿಗೊಟ್ಟು ಕೂತರು.

"ಏನು ಮಾಡುತ್ತಿದ್ದಾರೆ?"

"ಚಾವಣಿಯ ಹಲಗೆ ಕೀಳುತ್ತಿದ್ದಾರೆ."

"ಎಷ್ಟು ಜನ?"

"ಮೇಲೆ ನಾಲ್ವರು, ಕೆಳಗೆ ಇಬ್ಬರು."

"ಕಲ್ಲನ್ನು ಎಲ್ಲಿ ಹಾಕುತ್ತಿದ್ದಾರೆ?"

"ಲಾರಿಗೆ."

"ಒಡೆದು ಹಾಕುತ್ತಿದ್ದಾರೋ, ಇಡಿಯಾಗಿಯೋ?"

"ಇಡಿಯಾಗಿ."

"ಸರಿ," ಎಂದರು. ಮಧ್ಯಾಹ್ನದವರೆಗೂ ಹೀಗೇ ಕೇಳಿದರು, ನಾನು ಹೇಳಿದೆ. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ನಡುವೆ ಒಮ್ಮೆ "ಮಿಸ್, ಆ ದಿನ ಸಭೆಯಲ್ಲಿ ನಾನು..." ಎಂದು ಆರಂಭಿಸಿದೆ. ಅವರು ನನ್ನ ಕೈಯ ಮೇಲೆ ಕೈಯಿಟ್ಟರು. "ಹೊಗೆಗೂಡು ಇನ್ನೂ ಇದೆಯೇ?" ಎಂದು ಕೇಳಿದರು.

ಅದಾದ ಮೇಲೂ ಅವರು ನಮ್ಮ ಮನೆಗೆ ಬರುತ್ತಿದ್ದರು. ನನ್ನ ಮಗಳು ಹುಟ್ಟಿದಾಗ ಉಲ್ಲನ್ ಟೋಪಿ ಹೆಣೆದುಕೊಟ್ಟರು. ಎರಡನೆಯ ಸಾಲಿನಲ್ಲಿ ಒಂದು ಹೆಣಿಗೆ ತಪ್ಪಿತ್ತು. ಆದರೆ ಹಾಳೆಗಳನ್ನು ಮತ್ತೆ ತೆಗೆಯಲಿಲ್ಲ. ಕಣ್ಣಿನ ಆಪರೇಷನ್ ಆದ ಮೇಲೂ ತೆಗೆಯಲಿಲ್ಲ. ಎಪ್ಪತ್ತಾರರಲ್ಲಿ ನಾವು ಹಿಲ್ಸ್‌ಬರೋಗೆ ಮನೆ ಬದಲಿಸಿದೆವು. ಎರಡು ವರ್ಷದ ನಂತರ, ಜನವರಿಯಲ್ಲಿ, ಮಿಸ್ ತೀರಿಕೊಂಡರೆಂದು ಅವರ ಸೋದರನ ಮಗಳು ಕಾರ್ಡು ಬರೆದಳು. ಕಾರ್ಡು ಕೈ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಹಳ ವರ್ಷಗಳ ಮೇಲೆ ಕೌಂಟಿ ಹೊಸ ಪಟ್ಟಿ ಮಾಡಿಸಿತು. ಇಂದು ಅಲ್ಲಿ ಕಂಚಿನ ಫಲಕ ಹಾಕಿದ, ಬಣ್ಣ ಬಳಿದ, ಭಾನುವಾರ ತೆರೆದಿಡುವ ಕಟ್ಟಡಗಳಿವೆ. ನೋಡಲು ಬಸ್ಸಿನಲ್ಲಿ ಬರುತ್ತಾರೆ. ಆ ನಡುವಿನ ವರ್ಷಗಳಲ್ಲಿ ನಾನು ತೊಲೆಯ ಮೇಲೆ ಕೈಯಿಟ್ಟ ಗಿರಣಿ ಹೋಯಿತು. ನಾವು ಅಳೆದ ಮರದ ಸೇತುವೆಯೂ ಹೋಯಿತು. ಇನ್ನೂ ಎಷ್ಟೋ. ಪಟ್ಟಿಯನ್ನು ಬದಿಗಿಡದಿದ್ದರೆ ಅವೆಲ್ಲ ಉಳಿಯುತ್ತಿದ್ದವು ಎಂದು ನಾನು ಹೇಳಲಾರೆ. ಕೆಲವು ಉಳಿಯುತ್ತಿದ್ದವು.

ಬ್ಯಾಟಿನ ಎಣ್ಣೆ ಒಣಗಿದ ಎರಡು ವಾರಕ್ಕೆ ಮಗಳಿಂದ ಡ್ರೈವ್ ಮಾಡಿಸಿಕೊಂಡು ಆ ಕೌಂಟಿಯ ದಾಖಲೆಗಳ ಕಚೇರಿಗೆ ಹೋದೆ. ಮೇಜಿನ ಹಿಂದಿದ್ದ ಹುಡುಗಿ ಪೆಟ್ಟಿಗೆ ತಂದುಕೊಟ್ಟಳು. ನಮ್ಮ ಹಾಳೆಗಳೆಲ್ಲ ಇದ್ದವು. ಮೇಲೆ ಪಿನ್ನಿನಿಂದ ಒಂದು ಚೀಟಿ ಚುಚ್ಚಿದ್ದರು: ಸರ್ವೆ ಮಾಡಿದವರಿಗೆ ದೃಷ್ಟಿದೋಷವಿದ್ದುದರಿಂದ ಈ ಪಟ್ಟಿಯನ್ನು ಆಧರಿಸಬಾರದು. ಪಿನ್ನಿನ ಸುತ್ತ ತುಕ್ಕು ಹಿಡಿದಿತ್ತು.

ನಾನು ಅಲ್ಲೇ ಕೂತು ಬರೆದೆ. ಆ ನವೆಂಬರ್‌ನಲ್ಲಿ ನಾನು ಒಬ್ಬಳೇ ಹೋಗಿದ್ದೆ, ಈ ಮೂರು ಹಾಳೆಗಳು ನನ್ನವು, ಮೂರನೆಯದರಲ್ಲಿ ನಾನು ತಪ್ಪು ಬರೆದೆ, ಉಳಿದ ಪ್ರತಿಯೊಂದನ್ನೂ ಮಿಸ್ ಎದುರಿಗೆ ನಿಂತು ಬರೆಸಿದರು, ಅವು ಸರಿಯಾಗಿವೆ. ಬರೆಯಲು ಬಹಳ ಹೊತ್ತು ಬೇಕಾಯಿತು. ಮಗಳು ಒಂದು ಸಲ ಒಳಗೆ ಬಂದು, "ಅಮ್ಮಾ, ಆರ್ ಯು ಓಕೆ?" ಎಂದು ಕೇಳಿ ಹೋದಳು.

ಹುಡುಗಿ ನಾನು ಬರೆದದ್ದನ್ನು ಪೂರ್ತಿ ಓದಿದಳು. ಒಳ್ಳೆಯ ಹುಡುಗಿ, ಅವಸರ ಮಾಡಲಿಲ್ಲ. ಪೆಟ್ಟಿಗೆಯಲ್ಲಿ ಇದನ್ನೂ ಸೇರಿಸುತ್ತೇನೆ, ಆದರೆ ಹಳೆಯ ಚೀಟಿಯನ್ನು ತೆಗೆಯಬೇಕಾದರೆ ಇಷ್ಟೇ ಸಾಲದು ಎಂದಳು. ಇದು ಗೊತ್ತಿದ್ದ ಇನ್ನೊಬ್ಬರು ಯಾರಾದರೂ ಹೇಳಿದರೆ ಅನುಕೂಲ.

"ಇಬ್ಬರಿದ್ದರು," ಎಂದೆ.

ಅವಳು ಹೆಸರು ಬರೆದುಕೊಳ್ಳಲು ಪೆನ್ನು ತೆಗೆದುಕೊಂಡಳು.